ಫಿಕ್ಸೆಡ್ ಎಂದರೆ ಎಷ್ಟು ವರ್ಷಕ್ಕೆ ಫಿಕ್ಸೆಡ್?

ಮನೆ ಸಾಲದ ಬಡ್ಡಿ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹೆಸರು ಹಾಕಬೇಡಿ ಎಂದು ಬಹುಪಾಲು ಓದುಗರು ಕೇಳಿಕೊಂಡಿದ್ದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ₹50 ಲಕ್ಷದ ಫ್ಲಾಟ್‌ಗೆ ₹40 ಲಕ್ಷ ಸಾಲ ಬೇಕು, 20 ವರ್ಷಕ್ಕೆ. ಬ್ಯಾಂಕಿನವರು ಶೇ 7.75ರ ಫ್ಲೋಟಿಂಗ್ (ಕಾಲಕಾಲಕ್ಕೆ ಏರಿಳಿಯುವ) ದರ ಹೇಳುತ್ತಾರೆ. ಒಂದು ಹೌಸಿಂಗ್ ಫೈನಾನ್ಸ್ ಕಂಪನಿ ಶೇ 9.25ಕ್ಕೆ ಫಿಕ್ಸೆಡ್ ಕೊಡುತ್ತದಂತೆ. ‘ದುಡ್ಡು ಸ್ವಲ್ಪ ಹೆಚ್ಚಾದರೂ ನೆಮ್ಮದಿ ಇರುತ್ತೆ, ಫಿಕ್ಸೆಡ್ ತಗೊಳ್ಳೋಣ’ ಎನ್ನುತ್ತಾರೆ ಯಜಮಾನರು. ಯಾವುದು ಸರಿ? (ತುಮಕೂರು)

ಉತ್ತರ: ನಿಮ್ಮ ಯಜಮಾನರು ಕೇಳುತ್ತಿರುವ ನೆಮ್ಮದಿಗೆ ಬೆಲೆ ಎಷ್ಟು ಎಂದು ಮೊದಲು ಲೆಕ್ಕ ಹಾಕೋಣ. ಶೇ 7.75ಕ್ಕೆ ತಿಂಗಳ ಕಂತು ₹32,838. ಶೇ 9.25ಕ್ಕೆ ₹36,635. ತಿಂಗಳಿಗೆ ₹3,797 ವ್ಯತ್ಯಾಸ, ವರ್ಷಕ್ಕೆ ಸುಮಾರು ₹45,500.

ಈಗ ಹೀಗೆ ಮಾಡಿ ನೋಡಿ. ಫ್ಲೋಟಿಂಗ್ ಸಾಲವನ್ನೇ ತೆಗೆದುಕೊಂಡು, ಕಂತು ಮಾತ್ರ ಫಿಕ್ಸೆಡ್‌ನವರು ಹೇಳಿದ ₹36,635 ಕಟ್ಟುತ್ತಾ ಹೋಗಿ. ಮೂರು ವರ್ಷ ದರ ಬದಲಾಗದಿದ್ದರೆ ಬಾಕಿ ಸುಮಾರು ₹35.64 ಲಕ್ಷಕ್ಕೆ ಇಳಿದಿರುತ್ತದೆ. ಫಿಕ್ಸೆಡ್ ಸಾಲದಲ್ಲಿ ಅದೇ ದುಡ್ಡು ಕಟ್ಟಿದವರಿಗೆ ಇನ್ನೂ ₹37.60 ಲಕ್ಷ ಉಳಿದಿರುತ್ತದೆ. ಅಂದರೆ ಮೂರೇ ವರ್ಷದಲ್ಲಿ ₹1.96 ಲಕ್ಷ ಮುಂದಿದ್ದೀರಿ. ನಾಲ್ಕನೇ ವರ್ಷದಿಂದ ಬಡ್ಡಿ ಏರಿತು ಎಂದುಕೊಳ್ಳಿ. ಏರಿದ ದರ ಉಳಿದ ಹದಿನೇಳು ವರ್ಷವೂ ಸುಮಾರು ಶೇ 10.1ರ ಮೇಲೆಯೇ ನಿಂತರೆ ಮಾತ್ರ ಫಿಕ್ಸೆಡ್ ತೆಗೆದುಕೊಂಡವರಿಗೆ ಲಾಭ. ಒಂದೆರಡು ವರ್ಷ ಏರಿ ಮತ್ತೆ ಇಳಿದರೆ ಸಾಲದು.

ಬಡ್ಡಿ ಅಷ್ಟು ಏರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ರಿಸರ್ವ್ ಬ್ಯಾಂಕಿನ ರೆಪೊ ದರ (ಬ್ಯಾಂಕ್‌ಗಳಿಗೆ ಅದು ಕೊಡುವ ಸಾಲದ ಬಡ್ಡಿ) 2022ರ ಮೇ ತಿಂಗಳಲ್ಲಿ ಶೇ 4ರಲ್ಲಿತ್ತು, 2023ರ ಫೆಬ್ರುವರಿಗೆ ಶೇ 6.50 ಆಯಿತು. ಹತ್ತೇ ತಿಂಗಳಲ್ಲಿ ಎರಡೂವರೆ. ಆದರೆ 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ಅದೇ ದರ ನಾಲ್ಕು ಕಂತಿನಲ್ಲಿ ಶೇ 5.25ಕ್ಕೆ ಇಳಿಯಿತು. ಏರಿದ್ದು ಇಳಿಯುವಾಗ ಫಿಕ್ಸೆಡ್ ಸಾಲಗಾರರು ಮೇಲೆಯೇ ಉಳಿದುಬಿಡುತ್ತಾರೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಆ ಕಂಪನಿಯ ‘ಫಿಕ್ಸೆಡ್’ ಎಷ್ಟು ವರ್ಷಕ್ಕೆ? ನಮ್ಮಲ್ಲಿ ಫಿಕ್ಸೆಡ್ ಎಂದು ಮಾರುವ ಮನೆ ಸಾಲಗಳಲ್ಲಿ ಹೆಚ್ಚಿನವು ಎರಡು, ಮೂರು ಅಥವಾ ಐದು ವರ್ಷಕ್ಕಷ್ಟೇ ಫಿಕ್ಸೆಡ್. ಆಮೇಲೆ ಆ ಕಂಪನಿಯ ಆಗಿನ ದರಕ್ಕೆ ಬೀಳುತ್ತವೆ. ಪೂರ್ತಿ ಅವಧಿಗೆ ಎಂದು ಹೇಳುವಲ್ಲೂ ಒಪ್ಪಂದದ ಒಳಪುಟದಲ್ಲಿ ‘ಹಣದ ಮಾರುಕಟ್ಟೆಯಲ್ಲಿ ಅಸಾಧಾರಣ ಬದಲಾವಣೆಯಾದರೆ ದರ ಪರಿಷ್ಕರಿಸುವ ಹಕ್ಕು ಸಂಸ್ಥೆಗಿದೆ’ ಎಂಬರ್ಥದ ಒಂದು ಸಾಲು ಕೂತಿರಬಹುದು. ಆ ಸಾಲು ಇದ್ದರೆ, ಬಡ್ಡಿ ಜೋರಾಗಿ ಏರಿದ ಕಾಲದಲ್ಲೇ, ಎಂದರೆ ನಿಮಗೆ ರಕ್ಷಣೆ ಬೇಕಾದ ಕಾಲದಲ್ಲೇ, ಆ ರಕ್ಷಣೆ ಇಲ್ಲದಂತಾಗುತ್ತದೆ.

ಕೌಂಟರಿನಲ್ಲಿ ಕೂತವರ ಬಾಯಿಮಾತು ಬೇಡ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಕ್ಕೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಕಾಗದ ಕೊಡುವುದು ಕಡ್ಡಾಯ, ಬ್ಯಾಂಕಾದರೂ ಸರಿ, ಫೈನಾನ್ಸ್ ಕಂಪನಿಯಾದರೂ ಸರಿ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂಬ ನಿಯಮವೇ ಇದೆ. ಆದ್ದರಿಂದ ಕನ್ನಡದಲ್ಲೇ ಕೊಡಿ ಎಂದು ಕೇಳಿ, ಸಂಕೋಚ ಬೇಡ. ಅದರಲ್ಲಿ ಬಡ್ಡಿ ಫಿಕ್ಸೆಡ್, ಫ್ಲೋಟಿಂಗ್, ಹೈಬ್ರಿಡ್ ಇವುಗಳಲ್ಲಿ ಯಾವುದು ಎಂದು ನಮೂದಾಗಿರುತ್ತದೆ. ‘ಹೈಬ್ರಿಡ್’ (ಕೆಲವು ವರ್ಷ ಫಿಕ್ಸೆಡ್, ಆಮೇಲೆ ಫ್ಲೋಟಿಂಗ್) ಎಂದು ಬರೆದಿದ್ದರೆ ಏಜೆಂಟ್ ಹೇಳಿದ ಫಿಕ್ಸೆಡ್ ಕಥೆ ಅಲ್ಲಿಗೆ ಮುಗಿಯಿತು. ಫ್ಲೋಟಿಂಗ್ ಆದರೆ ಯಾವ ದರಕ್ಕೆ ಕಟ್ಟಿದ್ದಾರೆ, ಅದರ ಮೇಲೆ ಬ್ಯಾಂಕ್ ಸೇರಿಸುವ ಹೆಚ್ಚುವರಿ ದರ, ಅಂದರೆ ಸ್ಪ್ರೆಡ್, ಎಷ್ಟು, ಎಷ್ಟು ತಿಂಗಳಿಗೊಮ್ಮೆ ಬದಲಾವಣೆ, ದರ ಕಾಲು ಶೇಕಡ ಏರಿಳಿದರೆ ನಿಮ್ಮ ಕಂತು ಎಷ್ಟು ರೂಪಾಯಿ ಏರಿಳಿಯುತ್ತದೆ ಎಂಬುದೆಲ್ಲ ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಇಬ್ಬರಿಂದಲೂ ಈ ಕಾಗದ ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಕೊಟ್ಟ ದಿನದಿಂದ ಕನಿಷ್ಠ ಮೂರು ಕೆಲಸದ ದಿನ ಆ ಷರತ್ತುಗಳಿಗೆ ಅವರು ಬದ್ಧರು, ಅವಸರದಲ್ಲಿ ಸಹಿ ಹಾಕಬೇಕಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ ಬ್ಯಾಂಕಿನ ಫ್ಲೋಟಿಂಗ್ ಸಾಲ. ಆದರೆ ಒಂದು ಷರತ್ತು: ದರ ಶೇ 10ಕ್ಕೆ ಹೋದರೆ ನಿಮ್ಮ ಕಂತು ₹38,600 ಆಗುತ್ತದೆ. ಇಬ್ಬರ ಸಂಬಳದಲ್ಲಿ ಅದು ತಡೆಯುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ತಡೆಯದಿದ್ದರೆ ಉತ್ತರ ಫಿಕ್ಸೆಡ್ ಸಾಲವಲ್ಲ, ಚಿಕ್ಕ ಸಾಲ. ಇರುವ ಉಳಿತಾಯವನ್ನೆಲ್ಲ ಮುಂಗಡಕ್ಕೆ ಸುರಿಯಲೂಬೇಡಿ. ಸಾಲ ₹30 ಲಕ್ಷದಿಂದ ₹75 ಲಕ್ಷದ ನಡುವೆ ಇದ್ದರೆ ಬ್ಯಾಂಕ್ ಮನೆ ಬೆಲೆಯ ಶೇ 80ರವರೆಗೆ ಮಾತ್ರ ಕೊಡಬಹುದು, ಮುದ್ರಾಂಕ ಶುಲ್ಕ ಮತ್ತು ನೋಂದಣಿ ಖರ್ಚು ಆ ಬೆಲೆಯಲ್ಲಿ ಸೇರುವುದಿಲ್ಲ. ₹50 ಲಕ್ಷಕ್ಕೆ ಮುದ್ರಾಂಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ದುಪ್ಪಟ್ಟಾಗಿರುವ ಶೇ 2 ನೋಂದಣಿ ಶುಲ್ಕ, ಎಲ್ಲ ಸೇರಿ ನಗರ ವ್ಯಾಪ್ತಿಯಲ್ಲಿ ₹3.80 ಲಕ್ಷ. ನಿಮ್ಮ ಪಾಲಿನ ₹10 ಲಕ್ಷದ ಜೊತೆಗೆ ಇದೂ ಕೈಯಿಂದಲೇ. ಇಷ್ಟಾದ ಮೇಲೂ ಆರು ತಿಂಗಳ ಕಂತಿನಷ್ಟು ದುಡ್ಡು ಎಫ್‌ಡಿಯಲ್ಲಿ ಉಳಿಯಬೇಕು. ಫ್ಲೋಟಿಂಗ್ ಸಾಲದವರಿಗೆ ನೆಮ್ಮದಿ ಬರುವುದು ಅಲ್ಲಿಂದ.

ಪ್ರಶ್ನೆ: 2021ರ ಫೆಬ್ರುವರಿಯಲ್ಲಿ ₹50 ಲಕ್ಷ ಸಾಲ ಪಡೆದೆ. ಆಗ ದರ ಶೇ 7, ಕಂತು ₹38,765, ಅವಧಿ 240 ತಿಂಗಳು. ಕಂತು ಇವತ್ತಿಗೂ ಅಷ್ಟೇ ಇದೆ, ಅದಕ್ಕೇ ನಿಶ್ಚಿಂತೆಯಿಂದಿದ್ದೆ. ಮೊನ್ನೆ ಸ್ಟೇಟ್‌ಮೆಂಟ್ ತೆಗೆಸಿದರೆ ನಿವೃತ್ತಿಯಾದ ಮೇಲೂ ವರ್ಷಗಟ್ಟಲೆ ಕಂತು ಬಾಕಿ ತೋರಿಸುತ್ತಿದೆ. ಬಡ್ಡಿ ಇಳಿದಿದೆ ಎಂದು ಪೇಪರಿನಲ್ಲಿ ಓದುತ್ತೇವೆ, ಇದು ಹೇಗೆ? (ಹುಬ್ಬಳ್ಳಿ)

ಉತ್ತರ: ಕಂತು ಬದಲಾಗದೆ ಇದ್ದದ್ದೇ ತೊಂದರೆಯ ಮೂಲ. ಎರಡು ವರ್ಷ ಕಟ್ಟಿದ ಮೇಲೆ, 2023ರ ಫೆಬ್ರುವರಿ ಹೊತ್ತಿಗೆ ನಿಮ್ಮ ಬಾಕಿ ಸುಮಾರು ₹47.53 ಲಕ್ಷ. ಅಷ್ಟರಲ್ಲಿ ರೆಪೊ ಎರಡೂವರೆ ಏರಿದ್ದರಿಂದ ನಿಮ್ಮ ದರ ಶೇ 9.5. ಒಂದು ತಿಂಗಳ ಬಡ್ಡಿಯೇ ₹37,632. ನೀವು ಕಟ್ಟುತ್ತಿದ್ದದ್ದು ₹38,765. ಅಸಲಿಗೆ ಹೋದದ್ದು ₹1,133 ಮಾತ್ರ! ಈ ಲೆಕ್ಕದಲ್ಲಿ ಸಾಲ ತೀರಲು 448 ತಿಂಗಳು ಬೇಕು, ಮೂವತ್ತೇಳು ವರ್ಷದ ಮೇಲೆ. (ದರ ಒಮ್ಮೆಗೇ ಏರಿ, ಎರಡು ವರ್ಷ ನಿಂತು, ಒಮ್ಮೆಗೇ ಇಳಿಯಿತೆಂದು ಸರಳವಾಗಿ ಹಿಡಿದಿದ್ದೇವೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು.) ಅವತ್ತೇ ಕಂತನ್ನು ₹46,010ಕ್ಕೆ ಏರಿಸಿದ್ದರೆ ಮೂಲ ಅವಧಿಯಲ್ಲೇ ಸಾಲ ಮುಗಿಯುತ್ತಿತ್ತು. ಹಾಗೆ ಮಾಡದೆ ಅವಧಿಯನ್ನು ಎಳೆದರು.

ಶೇ 9.5ರಲ್ಲಿ ಎರಡು ವರ್ಷ ಕಟ್ಟಿದಾಗ ಅಸಲು ಇಳಿದದ್ದು ₹30,000ದಷ್ಟು. ದರ ಈಗ ಶೇ 8.25ಕ್ಕೆ ಬಂದಿದ್ದರೂ ಉಳಿದ ₹47.24 ಲಕ್ಷವನ್ನು ಹಳೇ ಕಂತಿನಲ್ಲಿ ತೀರಿಸಲು 266 ತಿಂಗಳು ಬೇಕು. ಮೂಲ ಒಪ್ಪಂದದಂತೆ ಉಳಿದಿರಬೇಕಾಗಿದ್ದದ್ದು 192. ಬಡ್ಡಿ ಇಳಿದರೂ ಅವಧಿ ಇಳಿಯದ ಮರ್ಮ ಇದು.

ದಾರಿ ಮೂರಿವೆ. ಕಂತನ್ನು ₹44,390ಕ್ಕೆ ಏರಿಸಿದರೆ 192 ತಿಂಗಳಿಗೇ ಮುಗಿಯುತ್ತದೆ. ಅಷ್ಟು ಆಗದಿದ್ದರೆ ಬರೀ ₹2,500 ಏರಿಸಿ, 266ರ ಬದಲು 226 ಕಂತಾಗುತ್ತದೆ. ತಿಂಗಳಿಗೆ ಎರಡೂವರೆ ಸಾವಿರಕ್ಕೆ ನಲವತ್ತು ಕಂತು ಕಡಿಮೆ. ಇಲ್ಲವೇ ಪಿಎಫ್ ಅಥವಾ ಇನ್ನಾವುದೋ ಗಂಟಿನಿಂದ ₹6 ಲಕ್ಷದಷ್ಟು ಒಟ್ಟಿಗೆ ಕಟ್ಟಿದರೆ ಹಳೇ ಕಂತಿನಲ್ಲೇ 192ಕ್ಕೆ ಬರುತ್ತೀರಿ. ಫ್ಲೋಟಿಂಗ್ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ, ಬ್ಯಾಂಕ್‌ಗಳಿಗೆ ಇದು 2012ರಿಂದಲೇ ನಿಷಿದ್ಧ. ಆದರೆ ದುಡ್ಡು ಕಟ್ಟುವಾಗ ‘ಕಂತು ಹಾಗೇ ಇರಲಿ, ಅವಧಿ ಇಳಿಸಿ’ ಎಂದು ಬರಹದಲ್ಲಿ ಕೊಡಿ. ಇಲ್ಲದಿದ್ದರೆ ಕೆಲವೆಡೆ ಅದನ್ನು ಮುಂದಿನ ತಿಂಗಳುಗಳ ಕಂತು ಎಂದು ಜಮಾ ಮಾಡಿಬಿಡುತ್ತಾರೆ, ಅಸಲು ಅಲ್ಲಿಗಲ್ಲೇ ಇರುತ್ತದೆ.

ನಿಮ್ಮನ್ನು ಕೇಳದೆ ಅವಧಿ ಎಳೆಯಬಹುದೇ? 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಪ್ರಕಾರ ದರ ಬದಲಾದಾಗ ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಎರಡೂ ಸ್ವಲ್ಪ ಸ್ವಲ್ಪವೋ ಎಂಬ ಆಯ್ಕೆ ಸಾಲಗಾರರದ್ದು. ಎಳೆದ ಅವಧಿಯಲ್ಲಿ ಕಂತು ಬಡ್ಡಿಗೂ ಸಾಲದಂತೆ ಆಗಬಾರದು. ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಸ್ಟೇಟ್‌ಮೆಂಟಿನಲ್ಲಿ ಈವರೆಗೆ ವಸೂಲಾದ ಅಸಲು, ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ದರ ಇವಿಷ್ಟು ಇರಬೇಕು. ಶಾಖೆಗೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ಸಾಲ ಹೌಸಿಂಗ್ ಫೈನಾನ್ಸ್ ಕಂಪನಿಯದ್ದಾದರೆ ದೂರು ಹೋಗಬೇಕಾದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ.

ಪ್ರಶ್ನೆ: 2014ರ ಸಾಲ, ಇನ್ನೂ ₹12 ಲಕ್ಷ ಬಾಕಿ, 84 ಕಂತು ಇವೆ. ದರ ಶೇ 9.75. ಹೊಸಬರಿಗೆ ಅದೇ ಬ್ಯಾಂಕ್ ಶೇ 8ಕ್ಕೆ ಕೊಡುತ್ತಿದೆ. ಬೇರೆ ಬ್ಯಾಂಕಿಗೆ ವರ್ಗಾಯಿಸಲೇ? (ಶಿವಮೊಗ್ಗ)

ಉತ್ತರ: ನಿಮ್ಮದು ಬೇಸ್ ರೇಟ್ ಕಾಲದ ಸಾಲ, ಅಂದರೆ ಬ್ಯಾಂಕ್ ತಾನೇ ಗೊತ್ತುಮಾಡಿದ ಮೂಲ ದರಕ್ಕೆ ಕಟ್ಟಿದ್ದು. 2010ರ ಜುಲೈನಿಂದ ಬೇಸ್ ರೇಟ್, 2016ರ ಏಪ್ರಿಲ್‌ನಿಂದ ಎಂಸಿಎಲ್‌ಆರ್ (ಬ್ಯಾಂಕಿಗೆ ಹಣ ಹೊಂದಿಸಲು ತಗಲುವ ವೆಚ್ಚ ನೋಡಿ ಹಾಕುವ ಮೂಲ ದರ) ಇತ್ತು. ಎರಡನ್ನೂ ಲೆಕ್ಕ ಹಾಕುತ್ತಿದ್ದದ್ದು ಬ್ಯಾಂಕ್‌ಗಳೇ, ಹಾಗಾಗಿ ಏರುವಾಗ ಚುರುಕು, ಇಳಿಯುವಾಗ ನಿಧಾನ. 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕ್‌ಗಳು ಹೊಸ ಫ್ಲೋಟಿಂಗ್ ಮನೆ ಸಾಲಗಳನ್ನು ರೆಪೊ ಅಥವಾ ಟ್ರೆಷರಿ ಬಿಲ್‌ನಂತಹ ಹೊರಗಿನ ದರಕ್ಕೆ ಕಟ್ಟಲೇಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಸರಿಪಡಿಸಬೇಕು. ಹಳೆಯ ಸಾಲ ತಾನಾಗಿ ಇದಕ್ಕೆ ಬರುವುದಿಲ್ಲ, ನೀವು ಅರ್ಜಿ ಕೊಡಬೇಕು.

ಶೇ 9.75ಕ್ಕೆ ನಿಮ್ಮ ಕಂತು ₹19,767, ಶೇ 8ಕ್ಕೆ ₹18,703. ಏಳು ವರ್ಷಕ್ಕೆ ಉಳಿಯುವುದು ₹89,000ದಷ್ಟು. ಮೊದಲು ನಿಮ್ಮ ಬ್ಯಾಂಕಿನಲ್ಲೇ ರೆಪೊ ದರಕ್ಕೆ ಬದಲಾಯಿಸಿಕೊಡಲು ಕೇಳಿ. ಬದಲಾವಣೆ ಶುಲ್ಕ ₹5,000 ಇದ್ದರೆ ಜಿಎಸ್‌ಟಿ ಸೇರಿ ₹5,900, ಆರು ತಿಂಗಳಲ್ಲಿ ವಾಪಸ್. ಬೇರೆ ಬ್ಯಾಂಕಿಗೆ ಹೋದರೆ ಪ್ರೊಸೆಸಿಂಗ್ ಶುಲ್ಕ, ವಕೀಲರ ವರದಿ, ಮೌಲ್ಯಮಾಪನ, ಹಕ್ಕುಪತ್ರ ಠೇವಣಿಯ ಹೊಸ ನೋಂದಣಿ ಎಲ್ಲ ಮತ್ತೆ. ಇಷ್ಟು ಚಿಕ್ಕ ಬಾಕಿಗೆ ಅದು ಗಿಟ್ಟುವುದು ಅಪರೂಪ. ಆದರೂ ಇನ್ನೊಂದು ಬ್ಯಾಂಕಿನ ಆಫರ್ ಪತ್ರ ಕೈಯಲ್ಲಿಟ್ಟುಕೊಂಡು ಮ್ಯಾನೇಜರ್ ಮುಂದೆ ಕೂತರೆ ಮಾತಿನ ಧಾಟಿಯೇ ಬೇರೆ.

ಪ್ರಶ್ನೆ: ನನ್ನದೂ ಸಹೋದ್ಯೋಗಿಯದೂ ಒಂದೇ ಬ್ಯಾಂಕಿನ ರೆಪೊ ಸಾಲ. ಆದರೆ ಅವರ ದರ ನನಗಿಂತ ಅರ್ಧ ಶೇಕಡ ಕಡಿಮೆ. (ಬೆಂಗಳೂರು)

ಉತ್ತರ: ರೆಪೊ ಇಬ್ಬರಿಗೂ ಒಂದೇ, ಅದರ ಮೇಲೆ ಬ್ಯಾಂಕ್ ಸೇರಿಸುವ ಸ್ಪ್ರೆಡ್ ಬೇರೆ. ಸಾಲ ಕೊಟ್ಟ ದಿನದ ಕ್ರೆಡಿಟ್ ಸ್ಕೋರ್, ಸಂಬಳದ ಕೆಲಸವೋ ಸ್ವಂತ ಉದ್ಯೋಗವೋ, ಆ ತಿಂಗಳು ಬ್ಯಾಂಕ್ ಹೊಸ ಗ್ರಾಹಕರನ್ನು ಎಷ್ಟು ಓಲೈಸುತ್ತಿತ್ತು, ಇವೆಲ್ಲ ಅದರಲ್ಲಿ ಸೇರಿವೆ. ನಿಮ್ಮ ಸಾಲಮರುಪಾವತಿ ಅರ್ಹತೆ ಗಣನೀಯವಾಗಿ ಬದಲಾದರೆ ಮಾತ್ರ ಸ್ಪ್ರೆಡ್‌ನ ಕ್ರೆಡಿಟ್ ರಿಸ್ಕ್ ಭಾಗವನ್ನು (ಸಾಲ ವಾಪಸ್ ಬಾರದಿರುವ ಅಪಾಯಕ್ಕೆಂದು ಸೇರಿಸಿದ್ದು) ಬದಲಾಯಿಸಬಹುದು. ಉಳಿದ ಭಾಗಗಳನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬಹುದಿತ್ತು. 2025ರ ಅಕ್ಟೋಬರ್ 1ರಿಂದ, ಗ್ರಾಹಕರನ್ನು ಉಳಿಸಿಕೊಳ್ಳಲು, ಮೂರು ವರ್ಷ ಕಾಯದೆಯೂ ಇಳಿಸಬಹುದು. ‘ನಿಯಮ ಇಲ್ಲ’ ಎನ್ನುವವರಿಗೆ ಇದನ್ನು ನೆನಪಿಸಿ. ಇಳಿಸಲೇಬೇಕು ಎಂದಿಲ್ಲ, ಕೇಳಬೇಕು. ಅಂದ ಹಾಗೆ, ದರ ಬದಲಾಗುವಾಗ ಫಿಕ್ಸೆಡ್‌ಗೆ ಹೊರಳುವ ಅವಕಾಶ ಕೊಡುವುದೂ ಅದೇ ದಿನದಿಂದ ಬ್ಯಾಂಕಿನ ಇಚ್ಛೆಗೆ ಬಿಟ್ಟ ವಿಷಯವಾಗಿದೆ.

ಪ್ರಶ್ನೆ: ಬಾಕಿ ₹30 ಲಕ್ಷ, 180 ಕಂತು. ದರ ಶೇ 9ರಿಂದ 7.75ಕ್ಕೆ ಬಂತು. ಕಂತು ಇಳಿಸಿಕೊಳ್ಳಲೋ, ಅವಧಿಯೋ? (ಮಂಗಳೂರು)

ಉತ್ತರ: ಹಳೇ ಕಂತು ₹30,428ನ್ನೇ ಮುಂದುವರಿಸಿದರೆ 158ನೇ ತಿಂಗಳಿಗೆ ಮುಗಿಯುತ್ತದೆ. ಕಂತು ಇಳಿಸಿಕೊಂಡರೆ ₹28,238, ಆದರೆ ಪೂರ್ತಿ 180 ತಿಂಗಳು. ಒಟ್ಟು ವ್ಯತ್ಯಾಸ ಸುಮಾರು ₹2.96 ಲಕ್ಷ. ಕೈಸಾಲವೋ ಕ್ರೆಡಿಟ್ ಕಾರ್ಡ್ ಬಾಕಿಯೋ ಇದ್ದರೆ ಕಂತು ಇಳಿಸಿಕೊಂಡು ಮೊದಲು ಅದನ್ನು ತೀರಿಸಿ. ಇಲ್ಲದಿದ್ದರೆ ಅವಧಿ.

ಪ್ರಶ್ನೆ: ನಾವು ಮಿಸಿಸಾಗಾದಲ್ಲಿ ಮೊದಲ ಮನೆ ಕೊಳ್ಳುತ್ತಿದ್ದೇವೆ. ಊರಿನಲ್ಲಿ ಎಲ್ಲರೂ ಫ್ಲೋಟಿಂಗ್ ಎನ್ನುತ್ತಾರೆ, ಇಲ್ಲಿ ಎಲ್ಲರೂ ಐದು ವರ್ಷದ ಫಿಕ್ಸೆಡ್ ಎನ್ನುತ್ತಾರೆ. (ಕೆನಡಾ)

ಉತ್ತರ: ಊರಿನ ಸಲಹೆ ಅಲ್ಲಿಗೆ ಒಗ್ಗುವುದಿಲ್ಲ, ಏಕೆಂದರೆ ಫಿಕ್ಸೆಡ್‌ಗೆ ಅಲ್ಲಿ ಒಂದೂವರೆ ಶೇಕಡದಷ್ಟು ಹೆಚ್ಚು ತೆರಬೇಕಾದದ್ದು ಸಾಮಾನ್ಯವಾಗಿ ಇಲ್ಲ. ಅಲ್ಲಿನ ಫಿಕ್ಸೆಡ್ ದರ ಐದು ವರ್ಷದ ಸರ್ಕಾರಿ ಬಾಂಡ್‌ನ ಹಿಂದೆ ನಡೆಯುತ್ತದೆ, ವೇರಿಯಬಲ್ (ನಮ್ಮ ಫ್ಲೋಟಿಂಗ್) ದರ ಬ್ಯಾಂಕ್‌ಗಳ ಪ್ರೈಮ್ ದರದ, ಅಂದರೆ ಅವುಗಳ ಮೂಲ ಸಾಲ ದರದ, ಹಿಂದೆ. ಸಾಲ 25 ವರ್ಷದ್ದಾದರೂ ಒಪ್ಪಂದ ಐದು ವರ್ಷದ್ದು, ಮುಗಿದಾಗ ಮತ್ತೆ ಆಗಿನ ದರಕ್ಕೆ ನವೀಕರಣ. ಅಲ್ಲೂ ‘ಫಿಕ್ಸೆಡ್’ಗೆ ಗಡುವು ಇದೆ, ಆದರೆ ಆ ಗಡುವನ್ನು ಮುಚ್ಚಿಡುವುದಿಲ್ಲ.

ಅಲ್ಲಿ ಎಡವುವುದು ಅವಧಿಗೆ ಮುಂಚೆ ಮನೆ ಮಾರಿದಾಗ. ವೇರಿಯಬಲ್‌ನಲ್ಲಿ ದಂಡ ಸಾಮಾನ್ಯವಾಗಿ ಮೂರು ತಿಂಗಳ ಬಡ್ಡಿ. ಫಿಕ್ಸೆಡ್‌ನಲ್ಲಿ ಮೂರು ತಿಂಗಳ ಬಡ್ಡಿ ಅಥವಾ ಬಡ್ಡಿ ವ್ಯತ್ಯಾಸದ ಮೊತ್ತ (ನಿಮ್ಮ ದರಕ್ಕೂ ಈಗಿನ ದರಕ್ಕೂ ಇರುವ ಅಂತರ, ಉಳಿದ ಅವಧಿಗೆ), ಇವೆರಡರಲ್ಲಿ ಯಾವುದು ದೊಡ್ಡದೋ ಅದು. ಬಾಕಿ 4 ಲಕ್ಷ ಡಾಲರ್, ದರ ಶೇ 5, ಇನ್ನೂ ಎರಡು ವರ್ಷ ಇದೆ, ಈಗಿನ ಅದೇ ಅವಧಿಯ ದರ ಶೇ 4 ಎಂದುಕೊಳ್ಳಿ: ಮೂರು ತಿಂಗಳ ಬಡ್ಡಿ 5,000 ಡಾಲರ್, ವ್ಯತ್ಯಾಸದ ಲೆಕ್ಕ ಸುಮಾರು 8,000. ಕಟ್ಟಬೇಕಾದದ್ದು 8,000. ಕೆಲಸದ ಮೇಲೆ ಬೇರೆ ಊರಿಗೋ, ಬೆಂಗಳೂರಿಗೇ ವಾಪಸ್ಸೋ ಹೋಗುವ ಸಾಧ್ಯತೆ ಇದ್ದರೆ ವೇರಿಯಬಲ್, ಇಲ್ಲವೇ ಎರಡು-ಮೂರು ವರ್ಷದ ಚಿಕ್ಕ ಫಿಕ್ಸೆಡ್. ವೇರಿಯಬಲ್ ತೆಗೆದುಕೊಂಡರೆ ಕಂತು ದರದ ಜೊತೆ ಬದಲಾಗುವ ಬಗೆಯನ್ನೇ ಕೇಳಿ. ಕಂತು ಸ್ಥಿರವಾಗಿಡುವ ಬಗೆಯಲ್ಲಿ ದರ ಒಂದು ಮಟ್ಟ ದಾಟಿದರೆ ಕಂತೆಲ್ಲ ಬಡ್ಡಿಗೇ ಹೋಗುತ್ತದೆ. ಅದನ್ನು ‘ಟ್ರಿಗರ್ ರೇಟ್’ ಎನ್ನುತ್ತಾರೆ. 2023ರ ಜುಲೈನಲ್ಲಿ ಬ್ಯಾಂಕ್ ಆಫ್ ಕೆನಡಾ ದರ ಶೇ 5 ತಲುಪುವ ಹೊತ್ತಿಗೆ ಅಂಥ ಎಷ್ಟೋ ಸಾಲಗಳು ಆ ಮಟ್ಟ ದಾಟಿದ್ದವು. ಹುಬ್ಬಳ್ಳಿಯ ಓದುಗರಿಗೆ ಆದದ್ದರ ಪಕ್ಕಾ ಪಡಿಯಚ್ಚು.

ಚುಟುಕು ಉತ್ತರಗಳು

*ಮೊದಲ ಮೂರು ವರ್ಷ ಫಿಕ್ಸೆಡ್, ಆಮೇಲೆ ಫ್ಲೋಟಿಂಗ್ ಎಂಬ ಸ್ಕೀಮ್ ಒಳ್ಳೆಯದೇ? (ಮೈಸೂರು)* ಮೂರು ವರ್ಷದ ದರವನ್ನು ನೋಡಬೇಡಿ, ನಾಲ್ಕನೇ ವರ್ಷದ ಸ್ಪ್ರೆಡ್ ಎಷ್ಟೆಂದು ಬರಹದಲ್ಲಿ ಪಡೆಯಿರಿ. ಮೊದಮೊದಲು ಕಡಿಮೆ ತೋರಿಸಿ ಆಮೇಲೆ ಏರುವ ಇಂಥ ‘ಟೀಸರ್’ ಸಾಲಗಳ ಹಾವಳಿ ಹೆಚ್ಚಿದ್ದಕ್ಕೇ 2010ರಲ್ಲಿ ರಿಸರ್ವ್ ಬ್ಯಾಂಕ್ ಅವುಗಳ ಮೇಲೆ ಶೇ 2 ಹಣ ಮೀಸಲಿಡಲು ಬ್ಯಾಂಕ್‌ಗಳಿಗೆ ಹೇಳಿತ್ತು.

*ಸಹಕಾರಿ ಬ್ಯಾಂಕಿನ ಫ್ಲೋಟಿಂಗ್ ಸಾಲವೂ ರೆಪೊ ಇಳಿದರೆ ಇಳಿಯುತ್ತದೆಯೇ? (ಬಾಗಲಕೋಟೆ)* ರೆಪೊಗೆ ಕಟ್ಟಬೇಕೆಂಬ ಕಡ್ಡಾಯ ಅವರಿಗಿಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಇಲ್ಲ. ಅವರವರ ಸ್ವಂತ ದರ, ಅವರವರ ಮರ್ಜಿ. ಕಳೆದ ಎರಡು ವರ್ಷ ಹಳೇ ಗ್ರಾಹಕರಿಗೆ ಎಷ್ಟು ಇಳಿಸಿದ್ದಾರೆಂದು ಅಲ್ಲಿ ಸಾಲ ಇರುವ ಪರಿಚಯದವರ ಸ್ಟೇಟ್‌ಮೆಂಟ್ ನೋಡಿ ತಿಳಿಯಿರಿ.

*ಬಡ್ಡಿಗೆ ತೆರಿಗೆ ರಿಯಾಯಿತಿ ಇರುವಾಗ ಫಿಕ್ಸೆಡ್‌ನ ಹೆಚ್ಚಿನ ಬಡ್ಡಿ ಹೊರೆಯೇ? (ಧಾರವಾಡ)* ಹೊರೆಯೇ. ಸ್ವಂತ ವಾಸದ ಮನೆಗೆ ಹಳೇ ತೆರಿಗೆ ಪದ್ಧತಿಯಲ್ಲಿ ಬಡ್ಡಿ ರಿಯಾಯಿತಿಯ ಮಿತಿ ವರ್ಷಕ್ಕೆ ₹2 ಲಕ್ಷ. ₹40 ಲಕ್ಷದ ಸಾಲಕ್ಕೆ ಶೇ 7.75ರಲ್ಲೇ ಮೊದಲ ವರ್ಷದ ಬಡ್ಡಿ ₹3 ಲಕ್ಷ ದಾಟುತ್ತದೆ, ಮೇಲಿನದ್ದಕ್ಕೆ ಏನೂ ಸಿಗದು. ಹೊಸ ಪದ್ಧತಿಯಲ್ಲಿ ಆ ₹2 ಲಕ್ಷವೂ ಇಲ್ಲ.

*ಫಿಕ್ಸೆಡ್ ಸಾಲವನ್ನು ಬೇಗ ತೀರಿಸಿದರೆ ದಂಡ ಇದೆಯೇ? (ಕೋಲಾರ)* ಇರಬಹುದು. ಸ್ಯಾಂಕ್ಷನ್ ಲೆಟರ್‌ನಲ್ಲಿ ‘ಫೋರ್‌ಕ್ಲೋಷರ್’ (ಅವಧಿಗೆ ಮುಂಚೆ ತೀರಿಸುವುದು) ಎಂಬ ಕಡೆ ಎರಡು ವಿಷಯ ಹುಡುಕಿ: ಸ್ವಂತ ದುಡ್ಡಿನಿಂದ ತೀರಿಸಿದರೆ ಎಷ್ಟು, ಬೇರೆ ಬ್ಯಾಂಕಿಗೆ ವರ್ಗಾಯಿಸಿದರೆ ಎಷ್ಟು. ಎರಡಕ್ಕೂ ಬೇರೆ ಬೇರೆ ಅಂಕಿ ಇರುವುದುಂಟು.